ಕಡಲತೀರದ ಚಿತ್ರ: ನೋಟ, ನೆನಪು, ಕುಂಚ

ಪೀಠಿಕೆ

ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಅಂಗಗಳೆಂದು ನಮ್ಮ ಲಾಕ್ಷಣಿಕರು ವಿಧಿಸಿರುವುದು ವಿದ್ಯಾವಂತರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ದಂಡಿಯು ಕಾವ್ಯಾದರ್ಶದಲ್ಲಿ ಹೇಳಿರುವ ವರ್ಣ್ಯವಸ್ತುಗಳ ಪೈಕಿ ನಗರದ ಬೆನ್ನಲ್ಲಿಯೇ ಸಮುದ್ರವು ಬಂದು ನಿಲ್ಲುತ್ತದೆ. ಆದಕಾರಣ ಕಡಲಿನಿಂದ ಬಹುದೂರದಲ್ಲಿ ಹುಟ್ಟಿ ಬೆಳೆದ ಕವಿಯೂ ಕಡಲನ್ನು ವರ್ಣಿಸಲೇಬೇಕಾಯಿತು. ಮಂದರಪರ್ವತದ ಮಥನ, ಬಡಬಾಗ್ನಿ, ಮಕರಗಳು, ಮುತ್ತುರತ್ನಗಳ ರಾಶಿ, ಚಂದ್ರೋದಯಕ್ಕೆ ಉಕ್ಕುವ ತೆರೆಗಳು ಇವೆಲ್ಲ ಕವಿಯಿಂದ ಕವಿಗೆ ಬಳುವಳಿಯಾಗಿ ಬಂದವು. ಅಲ್ಲಿ ಪಾಂಡಿತ್ಯಕ್ಕೆ ಕೊರತೆಯಿಲ್ಲ, ಶಬ್ದಸಂಪತ್ತಿಗೂ ಕೊರತೆಯಿಲ್ಲ. ಆದರೆ ಆ ಕಡಲು ಯಾವ ಊರಿನ ಕಡಲೆಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ.

ಶಿವಶರಣರು ಹಿಡಿದ ದಾರಿ ಬೇರೆ. ಅವರು ತಮ್ಮ ಕಾಯಕದಲ್ಲಿ ಕೈಗೆ ಸಿಕ್ಕ ವಸ್ತುವನ್ನೇ ದೃಷ್ಟಾಂತವಾಗಿ ಎತ್ತಿಕೊಂಡರು. ಜೇಡರ ದಾಸಿಮಯ್ಯನಿಗೆ ಮಗ್ಗ, ಮಡಿವಾಳ ಮಾಚಯ್ಯನಿಗೆ ಮಡಿಯ ಬಟ್ಟೆ. ಅಂಬಿಗರ ಚೌಡಯ್ಯನಿಗೆ ತಾನೇ ಹುಟ್ಟು ಹಿಡಿದು ನಡೆಸಿದ ದೋಣಿ. ಕೇಳಿದ್ದಕ್ಕಿಂತ ಕಂಡದ್ದು ದೊಡ್ಡದು, ಕಂಡದ್ದಕ್ಕಿಂತ ಉಂಡದ್ದು ದೊಡ್ಡದು ಎಂಬುದೇ ಅನುಭಾವದ ಮೊದಲ ಪಾಠವಲ್ಲವೆ?

ಕಾವ್ಯಕ್ಕೆ ಸಂಬಂಧಿಸಿದ ಈ ವಿಚಾರವು ಚಿತ್ರಕಲೆಗೂ ಅಷ್ಟೇ ಅನ್ವಯಿಸುತ್ತದೆ. ನಮ್ಮ ಬಯಲುಸೀಮೆಯ ಶಾಲೆಗಳಲ್ಲಿ ‘ಕಡಲತೀರ’ ಎಂಬ ವಿಷಯವನ್ನು ಕೊಟ್ಟು ಚಿತ್ರ ಬರೆಯಿಸಿದರೆ ತರಗತಿಯ ಮಕ್ಕಳೆಲ್ಲ ಒಂದೇ ಚಿತ್ರವನ್ನು ಬರೆದು ತರುತ್ತಾರೆ. ಎರಡು ಮೊನಚಾದ ಗುಡ್ಡಗಳು, ನಡುವೆ ಇಣುಕುವ ಅರ್ಧಸೂರ್ಯ, ಕೆಳಗೆ ನೀಲಿ ನೀರು, ಒಂದು ಹಾಯಿದೋಣಿ, ದಡದಲ್ಲಿ ಬಾಗಿದ ತೆಂಗಿನ ಮರ. ಹಿಂದಿನ ವಾರವಷ್ಟೇ ಶೈಕ್ಷಣಿಕ ಪ್ರವಾಸದಲ್ಲಿ ಗೋಕರ್ಣದ ಕಡಲನ್ನು ಕಣ್ಣಾರೆ ಕಂಡು ಬಂದ ಹುಡುಗನೂ ಇದನ್ನೇ ಬರೆಯುತ್ತಾನೆ. ಇದು ಕ್ಯಾಲೆಂಡರಿನಿಂದ ಇಳಿದುಬಂದ ಹೊಸ ಕವಿಸಮಯ. ಕಂಡದ್ದನ್ನು ಬಿಟ್ಟು ಕಲಿಸಿದ್ದನ್ನು ಬರೆಯುವ ಈ ಅಭ್ಯಾಸವು ಕೇವಲ ಚಿತ್ರಕಲೆಯ ದೋಷವಾಗಿದ್ದರೆ ಈ ಲೇಖನದ ಅಗತ್ಯವಿರುತ್ತಿರಲಿಲ್ಲ. ತನ್ನ ಕಣ್ಣನ್ನು ತಾನೇ ನಂಬದ ಮಗು ಮುಂದೆ ಯಾವ ವಿದ್ಯೆಯಲ್ಲಿಯೂ ಸ್ವತಂತ್ರವಾಗಿ ನಿಲ್ಲಲಾರದು ಎಂಬುದೇ ಚಿಂತಿಸಬೇಕಾದ ಸಂಗತಿ.

ಚಿತ್ರಸೂತ್ರದ ಮತ

ಪ್ರಾಚೀನರು ಈ ವಿಷಯದಲ್ಲಿ ಏನು ಹೇಳಿದ್ದಾರೆಂಬುದನ್ನು ಮೊದಲು ನೋಡೋಣ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಸೂತ್ರವೆಂಬ ಭಾಗವೊಂದಿದೆ. ಅದು ವಜ್ರನೆಂಬ ಅರಸನಿಗೂ ಮಾರ್ಕಂಡೇಯ ಮುನಿಗೂ ನಡೆದ ಸಂವಾದರೂಪದಲ್ಲಿದೆ. ಗಾಳಿಯ ಗತಿಗೆ ಅನುಗುಣವಾಗಿ ತೆರೆಗಳನ್ನು, ಉರಿಯ ನಾಲಗೆಗಳನ್ನು, ಹೊಗೆಯನ್ನು, ಬಾವುಟಗಳನ್ನು ಬರೆಯಬಲ್ಲವನೇ ಚಿತ್ರವಿದನೆಂದು ಅದರ ಅಭಿಪ್ರಾಯ. ಇವು ನಾಲ್ಕೂ ಒಂದು ಕ್ಷಣವೂ ಸ್ಥಿರವಾಗಿ ನಿಲ್ಲದ ವಸ್ತುಗಳು. ಕುಳಿತ ಮನುಷ್ಯನನ್ನು ನೋಡುತ್ತ ನೋಡುತ್ತ ಬರೆಯಬಹುದು. ತೆರೆಯನ್ನು ಹಾಗೆ ಬರೆಯಲಾಗದು. ಕುಂಚವನ್ನು ಬಣ್ಣದಲ್ಲಿ ಅದ್ದುವಷ್ಟರಲ್ಲಿ ಕಂಡ ತೆರೆ ಒಡೆದು ಮರಳಾಗಿರುತ್ತದೆ. ಆದುದರಿಂದ ಕಡಲನ್ನು ಬರೆಯುವವನು ಎದುರಿಗೆ ಕುಳಿತು ಬರೆದರೂ ನೆನಪಿನಿಂದಲೇ ಬರೆಯುತ್ತಾನೆ. ನೂರು ತೆರೆಗಳನ್ನು ನೋಡಿ, ಅವುಗಳ ನಡೆಯನ್ನು ಮನಸ್ಸಿನಲ್ಲಿ ಹಿಡಿದು, ಒಂದನ್ನು ಕಾಗದದ ಮೇಲೆ ಇಳಿಸುತ್ತಾನೆ.

ನೃತ್ಯವನ್ನರಿಯದವನಿಗೆ ಚಿತ್ರಸೂತ್ರ ತಿಳಿಯುವುದು ಕಷ್ಟವೆಂದೂ ಅದೇ ಗ್ರಂಥ ಹೇಳುತ್ತದೆ. ಚಲನೆಯ ಲಯವನ್ನು ಅರಿಯದೆ ರೇಖೆಗೆ ಜೀವ ಬಾರದೆಂಬುದು ಇದರ ತಾತ್ಪರ್ಯ.

ಕಾರವಾರದಲ್ಲಿ ರವೀಂದ್ರರು

ಪ್ರವಾಸದ ನೋಟವು ನೆನಪಿನಲ್ಲಿ ಹಣ್ಣಾಗುವ ಬಗೆಯನ್ನು ತೋರಿಸಲು ನಮ್ಮ ನಾಡಿನ ಕಡಲತೀರವೇ ಒಂದು ಉತ್ತಮ ನಿದರ್ಶನವನ್ನು ಒದಗಿಸಿದೆ. 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದು ಕೆಲಕಾಲ ನೆಲೆಸಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರಾಗಿದ್ದರು. ಆ ದಿನಗಳ ವೃತ್ತಾಂತವನ್ನು ರವೀಂದ್ರರು ‘ಜೀವನಸ್ಮೃತಿ’ಯಲ್ಲಿ ಬರೆದರು. ಅದು ಪುಸ್ತಕರೂಪದಲ್ಲಿ ಹೊರಬಂದದ್ದು 1912ರಲ್ಲಿ, ಎಂದರೆ ಸುಮಾರು ಮೂರು ದಶಕಗಳ ತರುವಾಯ.

ಅಷ್ಟು ಕಾಲ ಕಳೆದರೂ ಆ ಚಿತ್ರ ಮಾಸಿಲ್ಲ. ಅರ್ಧಚಂದ್ರಾಕೃತಿಯ ಮರಳುದಂಡೆ, ಅದರಂಚಿಗೆ ಗಾಳಿಮರಗಳ ಸಾಲು, ಒಂದು ತುದಿಯಲ್ಲಿ ಬೆಟ್ಟಗಳ ನಡುವಿನಿಂದ ಬಂದು ಕಡಲನ್ನು ಸೇರುವ ಕಾಳೀನದಿ. ಬೆಳುದಿಂಗಳ ಒಂದು ಸಂಜೆ ಅವರು ದೋಣಿಯೇರಿ ಹೊಳೆಯ ಮೇಲ್ಭಾಗಕ್ಕೆ ಹೋದರು, ಶಿವಾಜಿಯ ಕಾಲದ ಕೋಟೆಯೊಂದರ ಬಳಿ ಇಳಿದರು, ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕುಳಿತು ತಂದ ಬುತ್ತಿಯನ್ನುಂಡರು. ಹಿಂದಿರುಗಿ ಬಂದು ಮರಳಿನ ಮೇಲೆ ನಡೆಯುವಾಗ ಕಡಲಿನಲ್ಲಿ ತೆರೆಯಿಲ್ಲ, ಗಾಳಿಮರಗಳಲ್ಲಿ ಸದ್ದಿಲ್ಲ. ಅಲ್ಲಿ ರತ್ನಾಕರನೂ ಇಲ್ಲ, ಮಕರಗಳೂ ಇಲ್ಲ. ಆದರೂ ಓದಿದವರು ಅದನ್ನು ಕಾರವಾರವೆಂದೇ ಗುರುತಿಸುತ್ತಾರೆ.

ಆ ರಾತ್ರಿಯೇ ರವೀಂದ್ರರು ಒಂದು ಕವಿತೆಯನ್ನು ಬರೆದರು. ಅದರ ಪ್ರಸ್ತಾಪ ಬಂದಾಗ ಅವರು ಹೇಳುವ ಮಾತು ಚಿತ್ರಕಲೆಯ ಉಪಾಧ್ಯಾಯರೆಲ್ಲ ಮನನ ಮಾಡತಕ್ಕದ್ದು. ಹೃದಯ ತುಂಬಿ ತುಳುಕುತ್ತಿರುವ ಗಳಿಗೆಯಲ್ಲಿಯೇ ಒಳ್ಳೆಯ ಬರವಣಿಗೆ ಬರುತ್ತದೆಂಬ ನಿಯಮವಿಲ್ಲ. ಅನುಭವಕ್ಕೆ ತೀರ ದೂರವಾಗುವುದೂ ಸಲ್ಲದು, ತೀರ ಹತ್ತಿರವಾಗುವುದೂ ಸಲ್ಲದು. ಕಾವ್ಯದ ಬಣ್ಣವನ್ನು ಸರಿಯಾಗಿ ಹಚ್ಚಬಲ್ಲ ಕುಂಚವು ನೆನಪೇ ಎಂಬುದು ಅವರ ಅಭಿಪ್ರಾಯ. ಆ ಗ್ರಂಥದ ಆರಂಭದಲ್ಲಿಯೂ ಅವರು ಸ್ಮೃತಿಯನ್ನು ಚಿತ್ರಕಾರನಿಗೆ ಹೋಲಿಸಿದ್ದಾರೆ. ನಡೆದದ್ದೆಲ್ಲವನ್ನೂ ನಕಲು ಮಾಡುವುದು ಅವನ ಕೆಲಸವಲ್ಲ. ತನ್ನ ರುಚಿಗೆ ತಕ್ಕಂತೆ ಕೆಲವನ್ನು ಹಿರಿದಾಗಿಸಿ, ಕೆಲವನ್ನು ಕಿರಿದಾಗಿಸಿ ಬರೆಯುತ್ತಾನೆ. ಇಂತಹ ಮಾತನ್ನಾಡಿದವರು ಮುಂದೆ ಇಳಿವಯಸ್ಸಿನಲ್ಲಿ ನಿಜವಾಗಿಯೂ ಕುಂಚವನ್ನು ಹಿಡಿದು, 1930ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದರೆಂಬುದು ಗಮನಾರ್ಹ.

ಟರ್ನರ್ ಮತ್ತು ಹೆಬ್ಬಾರರು

ನೆನಪೊಂದನ್ನೇ ನಂಬಿ ಕುಳಿತರೆ ಅದು ಮತ್ತೆ ಕ್ಯಾಲೆಂಡರಿನ ಕಡೆಗೆ ಜಾರೀತು. ಅದಕ್ಕೆ ಊರುಗೋಲು ಬೇಕು. ಇಂಗ್ಲೆಂಡಿನ ಚಿತ್ರಕಾರ ಟರ್ನರ್ (1775–1851) ಪ್ರವಾಸಕ್ಕೆ ಹೊರಟಾಗಲೆಲ್ಲ ಕೈಯಲ್ಲಿ ಸಣ್ಣ ಪುಸ್ತಕವೊಂದನ್ನು ಹಿಡಿದು ಸೀಸದಕಡ್ಡಿಯಿಂದ ಗುರುತುಗಳನ್ನು ಹಾಕಿಕೊಳ್ಳುತ್ತಿದ್ದನು. ಅವನ ಮರಣಾನಂತರ ರಾಷ್ಟ್ರಕ್ಕೆ ಸೇರಿದ ಸಂಗ್ರಹದಲ್ಲಿ ಅಂತಹ ಪುಸ್ತಕಗಳೇ ಸುಮಾರು 300 ಇವೆ. ಅವನು ಕಡಲನಗರಿಯಾದ ವೆನಿಸ್ಸನ್ನು ಮೊದಲು ಕಂಡದ್ದು 1819ರಲ್ಲಿ. ಅದರ ತೈಲಚಿತ್ರಗಳನ್ನು ಮೊದಲು ಪ್ರದರ್ಶಿಸಿದ್ದು 1833ರಲ್ಲಿ, ಅದೂ ಆ ನಗರಕ್ಕೆ ಎರಡನೆಯ ಬಾರಿ ಹೋಗುವ ಮುನ್ನ. ನಡುವಿನ ಹದಿನಾಲ್ಕು ವರ್ಷ ಆ ನೋಟವನ್ನು ಕಾಪಾಡಿದವು ಪುಸ್ತಕದ ಗೀಟುಗಳು ಮತ್ತು ಮನಸ್ಸಿನ ಬಣ್ಣಗಳು.

ನಮ್ಮವರೇ ಆದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ (1911–1996) ನಿದರ್ಶನವು ಇನ್ನೂ ಹತ್ತಿರದ್ದು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲವು ವರ್ಷ ಕಲಿಸಿ, ಪ್ಯಾರಿಸ್ಸಿಗೂ ಹೋಗಿ ಅಭ್ಯಾಸ ಮಾಡಿ ಬಂದವರು. ಬದುಕಿದ್ದು ಮಹಾನಗರದಲ್ಲಿ, ಆದರೆ ಕುಂಚ ಮತ್ತೆ ಮತ್ತೆ ಹಿಂದಿರುಗಿದ್ದು ತೆಂಗಿನ ನೆರಳಿನ ಕೆಂಪುಮಣ್ಣಿನ ನಾಡಿಗೆ, ಅಲ್ಲಿನ ದುಡಿಯುವ ಜನರಿಗೆ. ರೇಖೆಯ ಲಯವನ್ನು ಅರಿಯುವುದಕ್ಕಾಗಿಯೇ ಅವರು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಚಿತ್ರಸೂತ್ರದ ಮಾತನ್ನು ತಮ್ಮ ದೇಹದಲ್ಲಿಯೇ ಪರೀಕ್ಷಿಸಿ ನೋಡಿದವರೆಂದು ಅವರನ್ನು ಕುರಿತು ಧೈರ್ಯವಾಗಿ ಹೇಳಬಹುದು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಅವರು ತಮ್ಮ ಕೃತಿಗಳನ್ನು ಕೊಡುಗೆಯಾಗಿ ನೀಡಿದ್ದಾರೆ.

ನೋಡಬೇಕಾದುವು

ಇನ್ನು ನಮ್ಮ ಕರಾವಳಿಗೆ ಹೋದ ವಿದ್ಯಾರ್ಥಿ ಏನನ್ನು ನೋಡಬೇಕೆಂಬುದನ್ನು ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದು ಸೂರ್ಯನ ಸ್ಥಾನ. ನಮ್ಮದು ಪಡುವಣ ಕಡಲು. ಇಲ್ಲಿ ಸೂರ್ಯನು ಸಹ್ಯಾದ್ರಿಯ ಹಿಂದಿನಿಂದ ಮೂಡುತ್ತಾನೆ, ಕಡಲಿನಲ್ಲಿ ಮುಳುಗುತ್ತಾನೆ. ‘ಕಾರವಾರದ ಕಡಲಿನಲ್ಲಿ ಸೂರ್ಯೋದಯ’ ಎಂದು ಚಿತ್ರದ ಕೆಳಗೆ ಬರೆದವನು ಕಾರವಾರವನ್ನು ನೋಡಿಲ್ಲ.

ಎರಡನೆಯದು ಬಾನಂಚು. ನೀರು ಆಕಾಶವನ್ನು ಮುಟ್ಟುವ ಗೆರೆಯು ಯಾವಾಗಲೂ ನೋಡುವವನ ಕಣ್ಣಿನ ಮಟ್ಟದಲ್ಲಿರುತ್ತದೆ. ಮರಳಿನ ಮೇಲೆ ಕುಳಿತರೆ ಗೆರೆಯೂ ತಗ್ಗುತ್ತದೆ, ಎದುರಿಗಿರುವ ದೋಣಿ ಅದನ್ನು ಮೀರಿ ಆಕಾಶಕ್ಕೆ ತಲೆಯೆತ್ತುತ್ತದೆ. ಗುಡ್ಡವನ್ನೇರಿದರೆ ಗೆರೆಯೂ ಏರುತ್ತದೆ, ಅದೇ ದೋಣಿ ನೀರಿನ ನಡುವೆ ಚಿಕ್ಕ ಚುಕ್ಕೆಯಾಗುತ್ತದೆ. ದಡದಲ್ಲಿ ನಿಂತ ಮನುಷ್ಯನಿಗೆ ಬಾನಂಚು ಸುಮಾರು ನಾಲ್ಕೂವರೆ ಕಿಲೋಮೀಟರು ದೂರದಲ್ಲಿರುತ್ತದೆ. ನೂರು ಮೀಟರು ಎತ್ತರದ ಗುಡ್ಡದ ಮೇಲೆ ನಿಂತರೆ ಆ ದೂರ ಸುಮಾರು 36 ಕಿಲೋಮೀಟರು. ಗಣಿತದ ಉಪಾಧ್ಯಾಯರೂ ಚಿತ್ರಕಲೆಯ ಉಪಾಧ್ಯಾಯರೂ ಕೂಡಿ ಕಲಿಸಬಹುದಾದ ಪಾಠವಿದು.

ಮೂರನೆಯದು ಬಣ್ಣ. ಕಡಲು ನೀಲಿಯೆಂಬುದು ಅರ್ಧ ಸತ್ಯ. ಮಳೆಗಾಲದಲ್ಲಿ ಅಳಿವೆಯ ಬಳಿ ಹೊಳೆ ತಂದ ಮಣ್ಣಿನಿಂದ ಅದು ಕೆಂಚಗಿರುತ್ತದೆ. ಮೋಡ ಕವಿದರೆ ಸೀಸದಂತೆ ಮಂಕಾಗುತ್ತದೆ. ಒದ್ದೆ ಮರಳು ಒಣ ಮರಳಿಗಿಂತ ಕಪ್ಪಾಗಿದ್ದರೂ ಆಕಾಶವನ್ನು ಕನ್ನಡಿಯಂತೆ ತೋರಿಸುತ್ತದೆ. ಜಲವರ್ಣದಲ್ಲಿ ನೊರೆಗೆ ಬಿಳಿಯ ಬಣ್ಣ ಬಳಿಯಬೇಕಾಗಿಲ್ಲ. ಕಾಗದದ ಬಿಳುಪನ್ನೇ ಬಿಟ್ಟರೆ ಸಾಕು. ಎಲ್ಲಿ ಹಚ್ಚಬೇಕೆಂಬುದಕ್ಕಿಂತ ಎಲ್ಲಿ ಬಿಡಬೇಕೆಂಬುದನ್ನು ಕಲಿಯುವುದೇ ಹೆಚ್ಚಿನ ವಿದ್ಯೆ.

ನಾಲ್ಕನೆಯದು ಸ್ಥಳವಿಶೇಷ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ಲಾವಾರಸ ತಣಿದು ಕಂಬಗಳಂತೆ ನಿಂತ ಬಂಡೆಗಳು. ಕಾರವಾರದಲ್ಲಿ ಕಡಲಿನ ಹತ್ತಿರಕ್ಕೇ ಬಂದ ಬೆಟ್ಟಗಳು. ಒಂದರ ಚಿತ್ರ ಇನ್ನೊಂದರಂತಿದ್ದರೆ ನೋಟದಲ್ಲಿ ಲೋಪವಿದೆಯೆಂದೇ ತಿಳಿಯಬೇಕು.

ಐದನೆಯದು ಜನರ ಕಾಯಕ. ಹಿಂದೆ ನಮ್ಮ ತೀರದಲ್ಲಿ ಹತ್ತಾರು ಜನ ದಡದ ಮೇಲೆ ನಿಂತು ರಂಪಣಿ ಬಲೆಯ ಎರಡು ತುದಿಗಳನ್ನು ಎಳೆಯುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆಗಳು ಬಂದ ಮೇಲೆ ಆ ದೃಶ್ಯ ಬಹುಮಟ್ಟಿಗೆ ಮರೆಯಾಯಿತು. ಅದನ್ನು ಕಂಡ ಹಿರಿಯರೊಬ್ಬರು ನೆನಪಿನಿಂದ ಬರೆದ ಚಿತ್ರ ಎಷ್ಟೇ ಒರಟಾಗಿರಲಿ, ಅದು ಚರಿತ್ರೆಗೆ ಸಾಕ್ಷಿ.

ಶಾಲೆಯಲ್ಲಿ ಆಚರಣೆ

ಇದನ್ನೆಲ್ಲ ಆಚರಣೆಗೆ ತರುವುದು ಕಷ್ಟವಲ್ಲ, ಹೆಚ್ಚು ವೆಚ್ಚದ್ದೂ ಅಲ್ಲ. ಪ್ರವಾಸಕ್ಕೆ ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೆರೆಯಿಲ್ಲದ ಒಂದು ಸಣ್ಣ ಪುಸ್ತಕ ಮತ್ತು ಒಂದು ಸೀಸದಕಡ್ಡಿ ಇರಲಿ. ಕಡಲತೀರದಲ್ಲಿ ಅರ್ಧ ಗಂಟೆ ಆಟಕ್ಕೆ ಬಿಟ್ಟು, ಮತ್ತರ್ಧ ಗಂಟೆ ಮೌನವಾಗಿ ಕೂರಿಸಬೇಕು. ಗೀಟುಗಳನ್ನು ಹಾಕಿ, ಪಕ್ಕದಲ್ಲಿ ಬಣ್ಣ, ಗಾಳಿ, ವೇಳೆ, ಸದ್ದು, ವಾಸನೆಗಳನ್ನು ಒಂದೊಂದು ಮಾತಿನಲ್ಲಿ ಬರೆದುಕೊಳ್ಳಲಿ. ಶಾಲೆಗೆ ಮರಳಿದ ಕೂಡಲೇ ಚಿತ್ರ ಬರೆಯಿಸಬೇಡಿ. ಒಂದು ತಿಂಗಳು ಕಳೆಯಲಿ. ಆಮೇಲೆ ಮೊದಲು ಪುಸ್ತಕವನ್ನು ಮುಚ್ಚಿಟ್ಟು ನೆನಪಿನಿಂದ ಬರೆಯಲಿ, ಬಳಿಕ ಪುಸ್ತಕವನ್ನು ತೆರೆದು ತಿದ್ದಲಿ. ನೆನಪು ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು ಎಂಬುದನ್ನು ಮಗುವೇ ಕಂಡುಕೊಳ್ಳುತ್ತದೆ. ಪರೀಕ್ಷಿಸುವ ಉಪಾಧ್ಯಾಯರು ‘ಅಂದವಾಗಿದೆಯೆ?’ ಎಂಬುದಕ್ಕೆ ಮೊದಲು ‘ಇದು ಯಾವ ಊರು? ಯಾವ ಹೊತ್ತು? ನೀನು ಎಲ್ಲಿ ನಿಂತಿದ್ದೆ?’ ಎಂದು ಕೇಳಬೇಕು. ಉತ್ತರ ಕೊಡಬಲ್ಲ ಮಗುವಿನ ಚಿತ್ರದಲ್ಲಿ ತೆಂಗಿನ ಮರ ಸೊಟ್ಟಗಿದ್ದರೂ ಚಿಂತೆಯಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಮುಂಬಯಿ, ಮಂಗಳೂರು, ಕಾರವಾರಗಳಲ್ಲಿ ನೆಲೆಸಿದವರು ತಾವು ಕಂಡ ಕಡಲನ್ನು ಕುರಿತು ಒಂದು ಚಿತ್ರವನ್ನೋ ಒಂದು ಪುಟದ ಬರಹವನ್ನೋ ಶಾಲೆಯ ಗ್ರಂಥಾಲಯಕ್ಕೆ ಕಳುಹಿಸಿದರೆ ಅದು ಒಳನಾಡಿನ ಮಕ್ಕಳಿಗೆ ದೊಡ್ಡ ಆಸ್ತಿಯಾಗುತ್ತದೆ. ದಾನಿಗಳು ಕಟ್ಟಡಗಳಿಗೆ ನೀಡಿದ ನೆರವು ಕಣ್ಣಿಗೆ ಕಾಣುತ್ತಲೇ ಇದೆ. ಕಾಗದ, ಬಣ್ಣಗಳಿಗಾಗಿ, ಪ್ರವಾಸದಲ್ಲಿ ಇನ್ನೊಂದು ದಿನದ ತಂಗುವಿಕೆಗಾಗಿ ಅವರು ನೀಡುವ ಅಲ್ಪ ಧನವೂ ಅಷ್ಟೇ ಪುಣ್ಯಕರವೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ಉಪಸಂಹಾರ

ಶ್ರೀಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯಲ್ಲಿ ಅನುಭಾವವೆಂಬ ಮಾತು ಪ್ರಾರ್ಥನೆಯ ಹೊತ್ತಿನಲ್ಲಿ ನಿತ್ಯವೂ ಕೇಳಿಬರುತ್ತದೆ. ಅದು ಚಿತ್ರಕಲೆಯ ತರಗತಿಯೊಳಕ್ಕೂ ಬರಲಿ. ನಮ್ಮ ಮಕ್ಕಳಲ್ಲಿ ಎಲ್ಲರೂ ಚಿತ್ರಕಾರರಾಗುವುದಿಲ್ಲ, ಆಗಬೇಕಾದುದೂ ಇಲ್ಲ. ತಾವು ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯವೊಂದು ಅವರಿಗೆ ಬಂದರೆ, ಬಯಲುಸೀಮೆಯಿಂದ ಕಡಲಿನವರೆಗೆ ಹೋಗಿಬಂದ ಪ್ರವಾಸವು ಸಾರ್ಥಕವಾಯಿತೆಂದು ಭಾವಿಸಬಹುದು.