ಕಂಪನಿ ವಾಪಸ್ ಕರೆದ ಕಾರು: ಇಟ್ಟುಕೊಳ್ಳಬೇಕೇ, ಮಾರಬೇಕೇ?



ನಮ್ಮ ಸಂಘಗಳು ಶುರುವಾದ ಕಾಲದಲ್ಲಿ ಸಾಲದ ಅರ್ಜಿ ಅಂದರೆ ಹೊಲಿಗೆ ಮಿಷನ್, ಹಸು, ಮಕ್ಕಳ ಫೀಸು. ಈಗ ಸೆಕೆಂಡ್ ಹ್ಯಾಂಡ್ ಕಾರಿಗೂ ಅರ್ಜಿ ಬರುತ್ತಿದೆ. ತಪ್ಪೇನಿಲ್ಲ. ಹೊತ್ತಿಗೆ ಸರಿಯಾಗಿ ಬಸ್ಸು ಬಾರದ ಊರಿನಲ್ಲಿ, ಮನೆಯಲ್ಲಿ ಕಾಯಿಲೆಯವರಿದ್ದರೆ ಕಾರು ಶೋಕಿಯಲ್ಲ. ಆದರೆ ಕಾರಿನ ಜೊತೆ ಬರುವ ಕೆಲವು ವಿಷಯಗಳು ನಮಗೆ ಹೊಸದು. ಅದರಲ್ಲಿ ಒಂದನ್ನು ಈ ಸಲದ ಪಾಠಕ್ಕೆ ತೆಗೆದುಕೊಂಡಿದ್ದೇನೆ.

ತೀರ್ಥಹಳ್ಳಿ ಕಡೆಯ ಒಬ್ಬ ಸದಸ್ಯೆ ಒಂದು ಬೆಳಿಗ್ಗೆ ಫೋನ್ ಮಾಡಿ, "ಸಿಸ್ಟರ್, ನಮ್ಮ ಕಾರನ್ನ ಕಂಪನಿಯವರು ವಾಪಸ್ ಕರೀತಿದಾರಂತೆ. ಸಂಘದ ಸಾಲ ಇನ್ನೂ ತೀರಿಲ್ಲ. ಏನ್ ಮಾಡ್ಲಿ?" ಅಂದರು. ಅಳುತ್ತಿದ್ದರು. ಕಾರನ್ನೇ ತೆಗೆದುಕೊಂಡು ಹೋಗುತ್ತಾರೆ ಎಂದು ಅವರು ತಿಳಿದಿದ್ದರು.

ಹಾಗಲ್ಲ. ಒಂದು ಕಾಲದಲ್ಲಿ ತಯಾರಾದ ಗಾಡಿಗಳಲ್ಲಿ ಯಾವುದೋ ಒಂದು ಭಾಗ ಸರಿಯಿಲ್ಲ ಎಂದು ಗೊತ್ತಾದಾಗ, ಆ ಗಾಡಿಗಳನ್ನು ಸರ್ವಿಸ್ ಸೆಂಟರಿಗೆ ಕರೆಸಿ, ಪರೀಕ್ಷೆ ಮಾಡಿ, ಬೇಕಾದರೆ ಆ ಭಾಗವನ್ನು ಪುಕ್ಕಟೆಯಾಗಿ ಬದಲಾಯಿಸಿ ಕೊಡುವುದಕ್ಕೆ 'ರೀಕಾಲ್' ಅನ್ನುತ್ತಾರೆ. ಕಾರು ನಮ್ಮದೇ, ಮನೆಗೇ ಬರುತ್ತದೆ. 2020ರ ಜುಲೈಯಲ್ಲಿ ಮಾರುತಿ ಕಂಪನಿ ಪೆಟ್ರೋಲ್ ಪಂಪಿನ ದೋಷಕ್ಕಾಗಿ 1,34,885 ವ್ಯಾಗನ್ಆರ್ ಮತ್ತು ಬಲೆನೊ ಕಾರುಗಳನ್ನು ಹೀಗೆ ಕರೆಸಿತ್ತು. ಈ ಪಂಪ್ ಅಂದರೆ ಬಂಕಿನದ್ದಲ್ಲ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಸಣ್ಣ ಮೋಟಾರು.

ನಮ್ಮ ಸದಸ್ಯೆಯ ಕಾರಿಗೂ ಇಂಥದ್ದೇ ತೊಂದರೆ. ಯಾವ ಕಂಪನಿಯದ್ದು ಅನ್ನುವುದು ಇಲ್ಲಿ ಬೇಡ. ಅವರು ಅತ್ತೆಯನ್ನು ಹದಿನೈದು ದಿನಕ್ಕೊಮ್ಮೆ ಚಿಕಿತ್ಸೆಗಾಗಿ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ದಾರಿ ಆಗುಂಬೆ ಘಾಟಿಯದ್ದು. ಓಡುತ್ತಿರುವ ಗಾಡಿಯ ಎಂಜಿನ್ ಆ ಹೇರ್‌ಪಿನ್ ತಿರುವುಗಳಲ್ಲಿ ಒಮ್ಮೆಲೇ ನಿಂತರೆ ಸ್ಟಿಯರಿಂಗ್ ಭಾರವಾಗಬಹುದು, ಬ್ರೇಕ್ ಗಟ್ಟಿಯಾಗಬಹುದು, ಹಿಂದೆ ಲಾರಿ ಬರುತ್ತಿರಬಹುದು. ಆದ್ದರಿಂದ ಅವರ ಹೆದರಿಕೆ ಸುಳ್ಳು ಹೆದರಿಕೆ ಆಗಿರಲಿಲ್ಲ.

ಮನೆಯಲ್ಲಿ ಮೂರು ಮಾತು ಬಂತು. "ಇಷ್ಟು ದಿನ ಏನೂ ಆಗಿಲ್ಲ, ಸುಮ್ನೆ ಓಡ್ಸೋಣ" ಅಂತ ಗಂಡ. "ಯಾರಿಗೂ ಹೇಳ್ದೆ ಬೇಗ ಮಾರಿಬಿಡಿ" ಅಂತ ಮೈದುನ. "ಇನ್ನು ಆ ಕಾರು ಹತ್ತೋದೇ ಇಲ್ಲ" ಅಂತ ಇವರು. ಈ ಮೂರನ್ನೂ ಬದಿಗಿಟ್ಟು, ಮೊದಲು ಅದು ನಿಮ್ಮದೇ ಕಾರು ಹೌದಾ ನೋಡಿ ಅಂದೆ. ಒಂದು ಮಾಡೆಲ್ಲಿಗೆ ರೀಕಾಲ್ ಬಂದರೆ ಆ ಹೆಸರಿನ ಎಲ್ಲಾ ಕಾರಿಗೂ ಬಂತು ಎಂದಲ್ಲ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ತಯಾರಾದವು ಎಂದು ಲೆಕ್ಕ ಇರುತ್ತದೆ. ಆರ್.ಸಿ.ಯಲ್ಲಿ 17 ಅಕ್ಷರ ಅಂಕಿಗಳ ಚಾಸಿ ನಂಬರ್ ಇದೆಯಲ್ಲ, ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ, ಅಥವಾ ಸರ್ವಿಸ್ ಸೆಂಟರಿಗೆ ಫೋನಿನಲ್ಲಿ ಹೇಳಿದರೆ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಇದನ್ನು ತಾವಾಗಿಯೇ ನೋಡಬೇಕು. ಯಾಕೆಂದರೆ ಕಂಪನಿಯ ಕಾಗದ ಹೆಚ್ಚಾಗಿ ಮೊದಲನೇ ಮಾಲೀಕರ ವಿಳಾಸಕ್ಕೆ ಹೋಗುತ್ತದೆ. ಇವರ ಕಾರಿನ ಕಾಗದವೂ ಶಿವಮೊಗ್ಗದ ಹಳೆ ಮಾಲೀಕರ ಮನೆಗೆ ಬಂದು, ಅವರು ಅದನ್ನು ಓದದೆ ಬಿಸಾಕಿದ್ದರು. ನಂಬರ್ ಹಾಕಿದಾಗ ಕಾರು ಪಟ್ಟಿಯಲ್ಲಿತ್ತು.

ಎರಡನೆಯದು, ರಿಪೇರಿ ಆಗುವ ತನಕ ಓಡಿಸಬಹುದಾ ಅನ್ನುವ ಪ್ರಶ್ನೆ. ಎಲ್ಲಾ ರೀಕಾಲ್ ಒಂದೇ ತೂಕದ್ದಲ್ಲ. 2021ರ ಸೆಪ್ಟೆಂಬರಿನಲ್ಲಿ ಮಾರುತಿಯವರು 1,81,754 ಪೆಟ್ರೋಲ್ ಗಾಡಿಗಳನ್ನು ಕರೆಸಿದಾಗ, ಭಾಗ ಬದಲಾಯಿಸುವವರೆಗೆ ನೀರು ನಿಂತ ಜಾಗದಲ್ಲಿ ಓಡಿಸಬೇಡಿ, ಎಲೆಕ್ಟ್ರಿಕ್ ಭಾಗಗಳಿಗೆ ನೇರವಾಗಿ ನೀರು ಹೊಡೆಯಬೇಡಿ ಎಂದರು. ಅದೇ ಕಂಪನಿ 2023ರ ಜನವರಿಯಲ್ಲಿ ಏರ್‌ಬ್ಯಾಗಿನ ಕಂಟ್ರೋಲರ್ ದೋಷಕ್ಕಾಗಿ 17,362 ಗಾಡಿಗಳನ್ನು ಕರೆಸಿದಾಗ, ಬದಲಾಯಿಸುವ ತನಕ ಗಾಡಿ ಓಡಿಸಲೇಬೇಡಿ ಎಂದರು. ಆದ್ದರಿಂದ ಕಾಗದದಲ್ಲಿ ಏನು ಬರೆದಿದ್ದಾರೆ ಅನ್ನುವುದನ್ನು ಕೊನೆಯ ಸಾಲಿನವರೆಗೆ ಓದಿಸಿಕೊಳ್ಳಿ. ಇಂಗ್ಲಿಷಿನಲ್ಲಿದ್ದರೆ ಓದುವ ಮಗಳಿದ್ದಾಳಲ್ಲ.

ಇಷ್ಟು ದಿನ ಏನೂ ಆಗಿಲ್ಲ ಅನ್ನುವವರಿಗೆ ಟಕಾಟ ಎಂಬ ಜಪಾನ್ ಕಂಪನಿಯ ಕಥೆ ಹೇಳಬೇಕು. ಅಪಘಾತವಾದಾಗ ನಮ್ಮನ್ನು ಉಳಿಸಲು ಉಬ್ಬುವ ಏರ್‌ಬ್ಯಾಗನ್ನು ಅವರು ತಯಾರಿಸುತ್ತಿದ್ದರು. ಅದನ್ನು ಉಬ್ಬಿಸುವ ಡಬ್ಬಿಯೊಳಗೆ ಅಮೋನಿಯಂ ನೈಟ್ರೇಟ್ ಇತ್ತು. ಬಿಸಿ ಮತ್ತು ತೇವದ ಹವೆಯಲ್ಲಿ ವರ್ಷಗಟ್ಟಲೆ ಇದ್ದು ಅದು ಕೆಟ್ಟು, ಉಬ್ಬಬೇಕಾದ ಹೊತ್ತಿಗೆ ಡಬ್ಬಿಯೇ ಸಿಡಿದು ಕಬ್ಬಿಣದ ಚೂರುಗಳು ಒಳಗಿದ್ದವರಿಗೆ ಬಡಿದವು. ಹಲವರು ಸತ್ತರು. ಅವರಲ್ಲಿ ರೀಕಾಲ್ ಆಗಿದ್ದರೂ ರಿಪೇರಿ ಮಾಡಿಸಿಕೊಳ್ಳದ ಕಾರುಗಳಲ್ಲಿದ್ದವರೂ ಇದ್ದರು. ಆ ಕಂಪನಿ 2017ರಲ್ಲಿ ದಿವಾಳಿಯಾಯಿತು. ನಮ್ಮ ದೇಶದಲ್ಲೂ ಅದೇ ವರ್ಷ ಜನವರಿಯಲ್ಲಿ ಹೋಂಡಾದವರು ಈ ಏರ್‌ಬ್ಯಾಗ್ ಇದ್ದ, 2012ರಲ್ಲಿ ತಯಾರಾದ 41,580 ಕಾರುಗಳನ್ನು ಕರೆಸಿದರು. ಬಿಸಿ, ತೇವ ಅಂದರೆ ನಮ್ಮ ಕರಾವಳಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಏನೂ ಆಗದೆ ಕಳೆದ ದಿನಗಳು ಒಳಗಿನ ಭಾಗ ಸರಿಯಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ.

ಇನ್ನು ದುಡ್ಡಿನ ಲೆಕ್ಕ. ನಾವು ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದೆವು. ಕಾರಿಗೆ ಮೊದಲು ಎರಡು ಲಕ್ಷ ಎಂಬತ್ತು ಸಾವಿರಕ್ಕೆ ಕೇಳಿದ್ದ ದಲ್ಲಾಳಿ ಈಗ ಎರಡು ಲಕ್ಷದ ಹತ್ತು ಸಾವಿರ ಅಂದ. ಅಂದರೆ ಹೆದರಿಕೆಯ ಬೆಲೆ ಎಪ್ಪತ್ತು ಸಾವಿರ. ಸಂಘದ ಸಾಲ ಬಾಕಿ ತೊಂಬತ್ತು ಸಾವಿರ. ಅದನ್ನು ಕಟ್ಟಿದರೆ ಕೈಯಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ. ಅಷ್ಟಕ್ಕೆ ಸಿಗುವುದು ಇನ್ನೂ ಹಳೆಯ ಕಾರು, ಅದರಲ್ಲಿ ಏನು ದೋಷವಿದೆಯೋ ಯಾರಿಗೆ ಗೊತ್ತು. ಕಾರೇ ಬೇಡ ಅಂದರೆ ಮಣಿಪಾಲಕ್ಕೆ ಬಾಡಿಗೆ ಗಾಡಿಗೆ ಒಂದು ಸಲಕ್ಕೆ ನಾಲ್ಕು ಸಾವಿರ, ತಿಂಗಳಿಗೆ ಎಂಟು. ಸ್ವಂತದ್ದಕ್ಕೆ ಪೆಟ್ರೋಲು ಸುಮಾರು ಎರಡು ಸಾವಿರದ ಆರುನೂರು. ಕೆಟ್ಟದ್ದು ಒಂದು ಭಾಗ, ಅದನ್ನು ಪುಕ್ಕಟೆ ಬದಲಾಯಿಸಿ ಕೊಡುತ್ತಾರೆ. ಹಾಗಿರುವಾಗ ಮಾರುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಅದೇ ದೋಷ ರಿಪೇರಿ ಆದ ಮೇಲೂ ಮರುಕಳಿಸಿದರೆ, ಭಾಗ ತಿಂಗಳುಗಟ್ಟಲೆ ಸಿಗದಿದ್ದರೆ, ಬೇರೆ ಖರ್ಚುಗಳೂ ಕಾರಿನ ಬೆಲೆಯನ್ನು ತಿನ್ನುತ್ತಿದ್ದರೆ, ಆಗ ಮಾರುವುದೇ ಸರಿ.

ಮೈದುನನ ಮಾತಿಗೆ ಬರುತ್ತೇನೆ. ಆ ಕಾರನ್ನು ಕೊಳ್ಳಲು ಅದೇ ಒಕ್ಕೂಟದ ಇನ್ನೊಂದು ಸಂಘದ ಸದಸ್ಯೆ ಕೇಳಿದ್ದರು, ಅವರಿಗೆ ಇಬ್ಬರು ಚಿಕ್ಕ ಮಕ್ಕಳು. ಹೇಳದೆ ಮಾರಿದ್ದರೆ ಅವರೂ ಅದೇ ಘಾಟಿ ಇಳಿಯುತ್ತಿದ್ದರು. ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದವರೂ ಇದ್ದೀರಿ, ಇದನ್ನು ಸರಿ ಅನ್ನುವ ಧರ್ಮ ಯಾವುದೆಂದು ನನಗೆ ಗೊತ್ತಿಲ್ಲ. ಮಾರಬಾರದು ಎಂದಲ್ಲ. ರಿಪೇರಿ ಮಾಡಿಸಿ, ಚೀಟಿ ತೋರಿಸಿ ಮಾರಬಹುದು. ಚೀಟಿ ಇದ್ದರೆ ಬೆಲೆಯೂ ಬರುತ್ತದೆ.

ಸರ್ವಿಸ್ ಸೆಂಟರಿನಲ್ಲಿ ಮೊದಲ ದಿನ, "ನೀವು ಎರಡನೇ ಓನರ್, ಚಾರ್ಜ್ ಆಗುತ್ತೆ" ಅಂದರಂತೆ. ರೀಕಾಲ್ ಇರುವುದು ಗಾಡಿಗೆ, ಮಾಲೀಕರಿಗಲ್ಲ. ಅದನ್ನೇ ಬರೆದು ಸಹಿ ಹಾಕಿ ಕೊಡಿ ಎಂದು ಕೇಳಲು ಹೇಳಿಕೊಟ್ಟೆ. ಇವರು ಕೇಳಿದರು, ಆಮೇಲೆ ಚಾರ್ಜಿನ ಮಾತು ಬರಲಿಲ್ಲ. ಹಾಗೂ ಒಪ್ಪದಿದ್ದರೆ 1915 ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 110ಎ ಕಲಮಿನ ಪ್ರಕಾರ ಸರ್ಕಾರವೇ ರೀಕಾಲ್ ಮಾಡಿ ಎಂದು ಕಂಪನಿಗೆ ಆದೇಶ ಕೊಡಬಹುದು. ಏಪ್ರಿಲ್ 2021ರಿಂದ ಜಾರಿಯಲ್ಲಿರುವ ನಿಯಮದಲ್ಲಿ ಇದು ಏಳು ವರ್ಷದೊಳಗಿನ ಗಾಡಿಗಳಿಗೆ. ನಿಮ್ಮದು ಅದಕ್ಕಿಂತ ಹಳೆಯದಾದರೂ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಭಾಗ ಬರಲು ಮೂರು ವಾರ ಹಿಡಿಯಿತು. ಅಷ್ಟು ದಿನ ಕಾರು ಅಂಗಳದಲ್ಲೇ ನಿಂತಿತ್ತು. ನಡುವೆ ಬಂದ ಒಂದು ಸಲದ ಬಾಡಿಗೆಗೆ ಸಂಘದಿಂದ ತುರ್ತು ಸಾಲ ನಾಲ್ಕು ಸಾವಿರ ಕೊಟ್ಟೆವು. ಭಾಗ ಹಾಕಿದ ಮೇಲೆ ಗಂಡ ಹೆಂಡತಿ ಇಬ್ಬರೇ ಒಮ್ಮೆ ಘಾಟಿ ಇಳಿದು ಹತ್ತಿ ಬಂದರು, ಅದಾದ ಮೇಲೆಯೇ ಅತ್ತೆಯನ್ನು ಕೂರಿಸಿದ್ದು. ಸಾಲ ಈಗ ತೀರಿದೆ. ಸರ್ವಿಸ್ ಸೆಂಟರಿನ ಜಾಬ್ ಕಾರ್ಡನ್ನು ಅವರು ಆರ್.ಸಿ. ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ.

ಮುಂದಿನ ಸಭೆಗೆ ಬರುವಾಗ, ಮನೆಯಲ್ಲಿ ಕಾರು, ವ್ಯಾನು, ಸ್ಕೂಟರು ಏನಿದ್ದರೂ ಅದರ ಆರ್.ಸಿ.ಯನ್ನು, ಇಲ್ಲವೇ ಚಾಸಿ ನಂಬರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಪ್ರೇರಕಿಯವರ ಮೊಬೈಲಿನಲ್ಲಿ ಒಂದೊಂದಾಗಿ ಹಾಕಿ ನೋಡೋಣ.