ಬಣ್ಣದ ನೀರಿಗೆ ಜೇಡಿಮಣ್ಣಿನ ಕ್ರಿಯಾವರ್ಧಕ

ಸೇಲಂ ಜಿಲ್ಲೆಯ ಎಡಪ್ಪಾಡಿ ವಿದ್ಯುತ್ ಮಗ್ಗಗಳ ಊರು. ಶರಬಂಗಾ ನದಿ ಈ ಸೀಮೆಯನ್ನು ಹಾದು ಕಾವೇರಿಗೆ ಸೇರುತ್ತದೆ. ಜವಳಿ ಊರುಗಳಿಗೆಲ್ಲ ದೊಡ್ಡ ತಲೆನೋವು ನೂಲಿಗೆ ಬಣ್ಣ ಹಾಕಿ ಉಳಿದ ನೀರು. ಅದರಲ್ಲಿರುವ ಅಜೋ ಬಣ್ಣಗಳು ಗಾಳಿಯಾಡುವ ಜೈವಿಕ ತೊಟ್ಟಿಯಲ್ಲಿ ಸುಲಭವಾಗಿ ಕೊಳೆಯುವುದಿಲ್ಲ.

ಈ ಬಣ್ಣ ತೆಗೆಯಲು ಜೇಡಿಮಣ್ಣನ್ನು ಬಳಸಬಹುದು. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲಿ: ಹೀರಿಕೊಳ್ಳುವುದು ಬೇರೆ, ಒಡೆಯುವುದು ಬೇರೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಅದರ ಪದರಗಳಿಗೆ ಋಣ ವಿದ್ಯುದಂಶವಿದೆ. ಮಿಥಿಲೀನ್ ಬ್ಲೂನಂಥ ಧನ ಅಯಾನಿನ ಬಣ್ಣ ಅದಕ್ಕೆ ಅಂಟಿಕೊಳ್ಳುತ್ತದೆ. ಆದರೆ ಕೊಳೆ ಜಾಗ ಬದಲಿಸಿತೇ ಹೊರತು ನಾಶವಾಗಲಿಲ್ಲ. ಅದೇ ಪದರಗಳ ನಡುವೆ ಕಬ್ಬಿಣ ಕೂರಿಸಿದರೆ ಮಣ್ಣು ಕ್ರಿಯಾವರ್ಧಕವಾಗುತ್ತದೆ; ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿ ಬಣ್ಣದ ಅಣುವನ್ನೇ ಮುರಿಯುತ್ತದೆ. ಕ್ರಿಯೆ ಪೂರ್ಣಗೊಂಡರೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು, ಲವಣ. ಇದರ ಮೂಲ 1894ರಲ್ಲಿ ವರದಿಯಾದ ಫೆಂಟನ್ ಕ್ರಿಯೆ. ಕಬ್ಬಿಣವನ್ನು ನೀರಿನಲ್ಲೇ ಕರಗಿಸುವ ಹಳೆಯ ವಿಧಾನಕ್ಕೆ ಪಿಎಚ್ ಸುಮಾರು 3 ಇರಬೇಕು, ಕೊನೆಗೆ ಕಬ್ಬಿಣದ ಕೆಸರೂ ರಾಶಿ ಬೀಳುತ್ತದೆ. ಮಣ್ಣಿನಲ್ಲಿ ಕಬ್ಬಿಣ ನೆಲೆಸಿದರೆ ಕೆಸರು ಕಡಿಮೆ, ಮಣ್ಣನ್ನು ಸೋಸಿ ಮತ್ತೆ ಬಳಸಬಹುದು. ಕಬ್ಬಿಣ ನಿಧಾನವಾಗಿ ಸೋರಿಹೋಗುವುದು ಇದರ ದೌರ್ಬಲ್ಯ.

ಈ ಜೇಡಿಮಣ್ಣು ಯಾವುದು ಎಂದು ಪ್ರಶ್ನೆ ಬಂದರೆ, ಸೇಲಂ ಎಂದೊಡನೆ ನೆನಪಾಗುವ ಮ್ಯಾಗ್ನೆಸೈಟ್‌ಗೆ ಗುರುತು ಹಾಕಬೇಡಿ. ಅದು ಕಾರ್ಬೊನೇಟ್, ಜೇಡಿಮಣ್ಣಲ್ಲ. ಬೆಂಟೊನೈಟ್‌ಗೆ ಹೆಸರಾದವು ಗುಜರಾತ್, ರಾಜಸ್ಥಾನ.

ಕಬ್ಬಿಣ ಕೂರಿಸಿದ ಮಣ್ಣಿನ ವಿಧಾನ ಬಣ್ಣ ತೆಗೆದರೂ ಕರಗಿದ ಉಪ್ಪನ್ನು ತೆಗೆಯದು. 2011ರಲ್ಲಿ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಿದ ಮದ್ರಾಸ್ ಹೈಕೋರ್ಟ್ ಆದೇಶದ ಹಿಂದಿದ್ದ ಶೂನ್ಯ ದ್ರವ ವಿಸರ್ಜನೆಯ, ಅಂದರೆ ತ್ಯಾಜ್ಯ ನೀರನ್ನು ಹೊರಬಿಡಲೇಬಾರದೆಂಬ, ಷರತ್ತನ್ನು ಪೂರೈಸಲು ರಿವರ್ಸ್ ಆಸ್ಮೋಸಿಸ್ ಮತ್ತು ಆವಿಯಾಗಿಸುವ ಯಂತ್ರಗಳೇ ಬೇಕು.