ಕಡತದಲ್ಲಿ ಕಾಣೆಯಾದ ಪದಕ: ಮಾಜಿ ಸೈನಿಕರಿಗೆ ಯಶಸ್ಸಿನ ಹನ್ನೊಂದು ಸೂತ್ರಗಳು

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹಿಂತಿರುಗಲಿಲ್ಲ. ಅವರಿಗೆ ಏನಾಯಿತೆಂದು ನಮ್ಮ ಕಡೆ ಯಾರಿಗೂ ತಿಳಿಯಲಿಲ್ಲ. ಕಡತದಲ್ಲಿ ಕಾಣೆಯಾದವರ ಸಾಲಿಗೆ ಅವರ ಹೆಸರು ಸೇರಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕನ ಪುಸ್ತಕ ಪ್ರಕಟವಾಯಿತು. ಅಂದು ಭಾರತದ ಒಂದು ಮಿಸ್ಟೇರ್ ವಿಮಾನ ತನಗಿಂತ ಬಹಳ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿತ್ತು ಎಂಬ ಸಂಗತಿ ಅದರಿಂದ ಹೊರಬಿತ್ತು. ಆ ಮಿಸ್ಟೇರ್ ದೇವಯ್ಯನವರದೇ. ಅಂದಿನ ದಾಳಿಯ ಮುಂದಾಳು ಓ.ಪಿ. ತನೇಜಾ ವಿಷಯವನ್ನು ಕೈಬಿಡದೆ ಹಿಂಬಾಲಿಸಿದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಗಿ, ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು. ಕಡತ ಸರಿಯಾಗಲು 23 ವರ್ಷ ಬೇಕಾಯಿತು. ಅದನ್ನು ಸರಿಪಡಿಸಿದ್ದು ಸಾಕ್ಷ್ಯ, ಮತ್ತು ಬೆನ್ನುಹತ್ತಿದ ಒಬ್ಬ ಮನುಷ್ಯ.

ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾದ ಮೇಲೆ ತುಮಕೂರು ಜಿಲ್ಲೆಯ ಗುಬ್ಬಿಯ ಹೆಸರು ದೇಶದ ರಕ್ಷಣೆಯ ಜೊತೆ ಸೇರಿಕೊಂಡಿದೆ. ಅದಕ್ಕೂ ಎಷ್ಟೋ ಮೊದಲೇ ಈ ಸೀಮೆಯ ಹುಡುಗರು ಸಮವಸ್ತ್ರ ತೊಟ್ಟು ಗಡಿಗೆ ಹೋಗಿ ಬಂದಿದ್ದಾರೆ. ದೇವಯ್ಯನವರ ಕಡತದಂತೆ ಅವರ ಸೇವಾ ದಾಖಲೆಯಲ್ಲೂ ಇರಬೇಕಾದ ಪದಕ ಇಲ್ಲದಿದ್ದರೆ ಅದನ್ನು ಸೇರಿಸುವ ದಾರಿ ಇದೆ. ಆ ದಾರಿಯ ಮೆಟ್ಟಿಲುಗಳು ಇಲ್ಲಿವೆ.

1. ಡಿಸ್ಚಾರ್ಜ್ ಬುಕ್ ಪೂರ್ತಿ ಓದಿ

ನಿವೃತ್ತಿಯ ದಿನ ಕೈಗೆ ಬಂದ ಆ ಪುಸ್ತಕವನ್ನು ಹಲವರು ಪೆನ್ಷನ್‌ಗಾಗಿ ಮಾತ್ರ ಹೊರತೆಗೆಯುತ್ತಾರೆ. ಅದರಲ್ಲಿ ಪದಕಗಳನ್ನು ನಮೂದಿಸುವ ಜಾಗವೂ ಇದೆ. ಅಲ್ಲಿ ಏನಿದೆ, ಏನಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೇವೆಗೆ ಸೇರಿದ ದಿನ, ಬಿಟ್ಟ ದಿನ, ಕೆಲಸ ಮಾಡಿದ ಯೂನಿಟ್‌ಗಳು, ಅವು ಇದ್ದ ಜಾಗಗಳು, ಇವನ್ನು ಪಕ್ಕದಲ್ಲಿ ವರ್ಷವಾರು ಬರೆಯಿರಿ. ಮುಂದಿನ ಕೆಲಸಕ್ಕೆಲ್ಲ ಈ ಹಾಳೆಯೇ ಆಧಾರ.

2. ತೊಂದರೆ ಯಾವುದೆಂದು ಮೊದಲು ಗುರುತಿಸಿ

ಮೂರು ಬಗೆಯ ತೊಂದರೆಗಳಿವೆ. ಪದಕ ದಾಖಲೆಯಲ್ಲಿದೆ, ಆದರೆ ಕೈಗೆ ಬಂದಿಲ್ಲ. ಪದಕ ಕೈಯಲ್ಲಿದೆ, ದಾಖಲೆಯಲ್ಲಿಲ್ಲ. ದಾಖಲೆಯಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ಮೊದಲನೆಯದಕ್ಕೆ ಪದಕ ಕೊಡಿ ಎಂದು ಕೇಳಬೇಕು, ಎರಡನೆಯದಕ್ಕೆ ನಮೂದು ಸೇರಿಸಿ ಎಂದು ಕೇಳಬೇಕು. ಮೂರನೆಯದಕ್ಕೆ ಅರ್ಹತೆಯನ್ನೇ ತೋರಿಸಿಕೊಡಬೇಕು. ಪದಕ ಬಂದು ಕಳೆದುಹೋಗಿದ್ದರೆ ಅದು ಬೇರೆಯೇ ವಿಷಯ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ.

ಕೈಯಲ್ಲಿರುವ ಪದಕದ ಅಂಚನ್ನೂ ನೋಡಿ. ಸೈನ್ಯ ಕೊಟ್ಟ ಪದಕದ ಅಂಚಿನಲ್ಲಿ ಸೈನಿಕನ ನಂಬರ್, ಹೆಸರು ಕೆತ್ತಿರುತ್ತದೆ. ಪದಕಗಳ ಪೂರೈಕೆ ಹಿಂದೆಬಿದ್ದ ವರ್ಷಗಳಲ್ಲಿ ಅರ್ಹರಾದ ಅನೇಕರು ಅಂಗಡಿಯಲ್ಲಿ ನಕಲು ಕೊಂಡು ಧರಿಸಿದರು. ಅದರಲ್ಲಿ ಅವಮಾನವೇನೂ ಇಲ್ಲ, ಆದರೆ ಅಂಗಡಿಯ ಪದಕ ಸಾಕ್ಷ್ಯವಾಗುವುದಿಲ್ಲ.

3. ಪದಕದ ಹೆಸರು ಹೇಳಿ ಕೇಳಿ

‘ನನಗೆ ಬರಬೇಕಾದ ಮೆಡಲ್‌ಗಳನ್ನೆಲ್ಲ ಕೊಡಿ’ ಎಂದು ಬರೆದರೆ ಗುಮಾಸ್ತರು ಏನನ್ನು ಹುಡುಕಬೇಕು? ಪ್ರತಿ ಪದಕಕ್ಕೂ ಒಂದು ಹೆಸರಿದೆ, ಅರ್ಹತೆಗೆ ಕಾಲ ಮತ್ತು ಜಾಗದ ಲೆಕ್ಕವಿದೆ.

1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್ ಇವೆ. 1971ರಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಅದೇ ಯುದ್ಧಕ್ಕೆ ಸಂಗ್ರಾಮ್ ಮೆಡಲ್ ಕೂಡ ಇದೆ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ, 1997ರ ಆಗಸ್ಟ್ 15ರಂದು ಇದ್ದವರಿಗೆ 50ನೇ ವರ್ಷದ ಪದಕ. ಹಿಮನದಿಯ ಮೇಲೆ ಕಾವಲಿದ್ದವರಿಗೆ ಸಿಯಾಚಿನ್ ಗ್ಲೇಸಿಯರ್ ಮೆಡಲ್. ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಆಪರೇಷನ್ ವಿಜಯ್ ಮೆಡಲ್, 2001–02ರ ಗಡಿ ಜಮಾವಣೆಗೆ ಆಪರೇಷನ್ ಪರಾಕ್ರಮ್ ಮೆಡಲ್. ಶತ್ರುವಿನ ನೇರ ದಾಳಿಯಲ್ಲಿ ಗಾಯಗೊಂಡವರಿಗೆ ವೂಂಡ್ ಮೆಡಲ್. ಇವುಗಳ ಜೊತೆ 9, 20, 30 ವರ್ಷಗಳ ದೀರ್ಘ ಸೇವಾ ಪದಕಗಳು.

ಸೈನ್ಯ ಸೇವಾ ಮೆಡಲ್‌ನಂಥವುಗಳಲ್ಲಿ ರಿಬ್ಬನ್ ಮೇಲೆ ಜಾಗದ ಹೆಸರಿನ ಲೋಹದ ಪಟ್ಟಿಯೂ ಇರುತ್ತದೆ: ಜಮ್ಮು–ಕಾಶ್ಮೀರ, ಹಿಮಾಲಯ, ಮರುಸ್ಥಲ್ ಹೀಗೆ. ಇದನ್ನು ಕ್ಲಾಸ್ಪ್ ಎನ್ನುತ್ತಾರೆ. ಪದಕ ಬರೆದು ಕ್ಲಾಸ್ಪ್ ಬಿಟ್ಟಿದ್ದರೆ ಅದೂ ತಿದ್ದಿಸಬೇಕಾದ ಲೋಪವೇ. ನಿಮ್ಮ ವರ್ಷವಾರು ಹಾಳೆಯನ್ನು ಈ ಪದಕಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಬಿಟ್ಟುಹೋದದ್ದು ಯಾವುದೆಂದು ಗೊತ್ತಾಗುತ್ತದೆ.

4. ಶೌರ್ಯ ಪದಕದ ದಾರಿ ಬೇರೆ

ಮೇಲೆ ಹೇಳಿದವು ಅರ್ಹತೆ ಇದ್ದರೆ ಸಲ್ಲಬೇಕಾದ ಪದಕಗಳು. ವೀರ ಚಕ್ರ, ಶೌರ್ಯ ಚಕ್ರ, ಸೇನಾ ಮೆಡಲ್‌ಗಳು ಹಾಗಲ್ಲ. ಅವುಗಳಿಗೆ ಅಂದಿನ ಮೇಲಧಿಕಾರಿಯ ಶಿಫಾರಸು ಬೇಕು, ಸ್ವಂತ ಅರ್ಜಿಯಿಂದ ಬರುವಂಥವಲ್ಲ. ಆದರೆ ಘೋಷಣೆಯಾದ ಶೌರ್ಯ ಪದಕ ದಾಖಲೆಯಲ್ಲಿ ಬಿಟ್ಟುಹೋಗಿದ್ದರೆ ಭಾರತ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾದ ಪುಟವನ್ನು ಹುಡುಕಿಸಿ ಲಗತ್ತಿಸಿ. ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇರೆ ಬೇಕಿಲ್ಲ.

5. ಸರಿಯಾದ ರೆಕಾರ್ಡ್ ಆಫೀಸ್‌ಗೆ ಬರೆಯಿರಿ

ತಾಲ್ಲೂಕು ಕಚೇರಿಯಲ್ಲಾಗಲಿ ಪೆನ್ಷನ್ ಕೊಡುವ ಬ್ಯಾಂಕಿನಲ್ಲಾಗಲಿ ನಿಮ್ಮ ಸೇವಾ ಕಡತ ಇರುವುದಿಲ್ಲ. ಅದು ಇರುವುದು ನಿಮ್ಮ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸ್‌ನಲ್ಲಿ. ಮದ್ರಾಸ್ ರೆಜಿಮೆಂಟ್‌ನವರಿಗೆ ನೀಲಗಿರಿಯ ವೆಲ್ಲಿಂಗ್ಟನ್. ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ) ಸೈನಿಕರಿಗೆ ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ. ಆರ್ಟಿಲರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್‌ಪುರ, ಇಎಂಇ ಮತ್ತು ಆರ್ಡ್‌ನೆನ್ಸ್‌ಗೆ ಸಿಕಂದರಾಬಾದ್, ಮೆಡಿಕಲ್ ಕೋರ್‌ಗೆ ಲಖನೌ. ವಾಯುಪಡೆಯ ಸಿಬ್ಬಂದಿಗೆ ದೆಹಲಿ, ನೌಕಾಪಡೆಯ ನಾವಿಕರಿಗೆ ಮುಂಬೈ. ಭೂಸೇನೆಯ ಅಧಿಕಾರಿಗಳ ಕಡತ ದೆಹಲಿಯ ಸೇನಾ ಕೇಂದ್ರ ಕಚೇರಿಯಲ್ಲಿರುತ್ತದೆ.

ಜವಾನರ ಮೂಲ ಕಡತಕ್ಕೆ ಶೀಟ್ ರೋಲ್ ಎನ್ನುತ್ತಾರೆ. ಅದರಲ್ಲಿ ಯಾವುದೇ ನಮೂದು ಸೇರುವುದು ಪಾರ್ಟ್ ಟು ಆರ್ಡರ್ ಎಂಬ ಲಿಖಿತ ಆದೇಶದ ಮೂಲಕ. ಹೆಚ್ಚಿನ ಲೋಪಗಳು ಹುಟ್ಟುವುದೂ ಇಲ್ಲೇ. ಯೂನಿಟ್ ಬದಲಾದಾಗ, ಆಸ್ಪತ್ರೆಯಲ್ಲಿದ್ದಾಗ, ಪದಕ ಸ್ಥಾಪನೆಯಾಗುವ ಹೊತ್ತಿಗೆ ಸೈನಿಕ ಊರು ಸೇರಿದ್ದಾಗ ಆ ಆದೇಶ ಹೊರಡದೇ ಉಳಿದಿರಬಹುದು. ಆದ್ದರಿಂದ ಅರ್ಜಿಯಲ್ಲಿ ಹೀಗೆ ಕೇಳಿ: ಈ ಪದಕದ ಪಾರ್ಟ್ ಟು ಆರ್ಡರ್ ಆಗಿದೆಯೇ? ಆಗಿದ್ದರೆ ಅದರ ನಂಬರ್ ಏನು? ಆಗಿಲ್ಲವಾದರೆ ಈಗ ಹೊರಡಿಸಿ.

6. ಮನೆಯ ಟ್ರಂಕ್‌ನಲ್ಲಿ ಸಾಕ್ಷ್ಯ ಹುಡುಕಿ

ಗಡಿಯಿಂದ ಬರೆದ ಹಳೆಯ ಇನ್‌ಲ್ಯಾಂಡ್ ಪತ್ರಗಳನ್ನು ಎಸೆಯಬೇಡಿ. 56 ಎಪಿಒ, 99 ಎಪಿಒ ಎಂಬ ಸೇನಾ ಅಂಚೆ ವಿಳಾಸ, ಯೂನಿಟ್‌ನ ಹೆಸರು, ಅಂಚೆ ಮುದ್ರೆಯ ತಾರೀಖು, ಇವು ಆ ದಿನ ನೀವು ಯಾವ ಯೂನಿಟ್‌ನಲ್ಲಿದ್ದಿರಿ ಎಂದು ಹೇಳುತ್ತವೆ. ಎದೆಯ ಮೇಲೆ ರಿಬ್ಬನ್ ಕಾಣುವ ಸಮವಸ್ತ್ರದ ಫೋಟೊ, ರಜೆ ಚೀಟಿ, ಮಿಲಿಟರಿ ಆಸ್ಪತ್ರೆಯ ಕಾಗದ, ಎಲ್ಲವನ್ನೂ ತೆಗೆದಿಡಿ. ಜೊತೆಗಿದ್ದ ಸೈನಿಕರು, ಸುಬೇದಾರರು ಇದ್ದರೆ ಅವರಿಂದ ಬರಹದಲ್ಲಿ ಹೇಳಿಕೆ ಪಡೆದು ಅವರ ನಂಬರ್, ಹುದ್ದೆ, ಸಹಿ ಹಾಕಿಸಿಕೊಳ್ಳಿ. ಅದೇ ಯೂನಿಟ್‌ನ ಗೆಳೆಯನಿಗೆ ಅದೇ ಅವಧಿಗೆ ಪದಕ ಬಂದಿದ್ದರೆ ಅವರ ಡಿಸ್ಚಾರ್ಜ್ ಬುಕ್‌ನ ಪ್ರತಿ ನಿಮ್ಮ ಮಾತಿಗೆ ಬಲ ಕೊಡುತ್ತದೆ.

7. ಹೆಸರು, ನಂಬರ್, ಊರು ತಾಳೆಯಾಗಲಿ

ನಮ್ಮ ಕಡೆಯ ಹೆಸರುಗಳು ಸೈನ್ಯದ ಕಡತದಲ್ಲಿ ಹಲವು ರೂಪ ತಾಳುತ್ತವೆ. ಇನಿಷಿಯಲ್ ಬಿಟ್ಟುಹೋಗಿರುತ್ತದೆ, ತಂದೆಯ ಹೆಸರು ಸೇರಿಕೊಂಡಿರುತ್ತದೆ. ಆಧಾರ್ ಮತ್ತು ಡಿಸ್ಚಾರ್ಜ್ ಬುಕ್‌ನ ಹೆಸರು ಬೇರೆಯಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿ ಮುಂದೆ ಮಾಡಿಸಿ. ಸೈನಿಕ ನಂಬರನ್ನು ಕೊನೆಯ ಅಕ್ಷರದ ಸಮೇತ ಬರೆಯಿರಿ. ಸುಬೇದಾರರಾಗಿ ಜೆಸಿ ನಂಬರ್ ಪಡೆದಿದ್ದರೆ ಹಳೆಯ ನಂಬರನ್ನೂ ಸೇರಿಸಿ.

1973ಕ್ಕಿಂತ ಮೊದಲಿನ ಕಾಗದಗಳಲ್ಲಿ ‘ಮೈಸೂರು ರಾಜ್ಯ’ ಎಂದೂ 2014ಕ್ಕಿಂತ ಮೊದಲಿನ ಇಂಗ್ಲಿಷ್ ಕಾಗದಗಳಲ್ಲಿ ‘ತುಮ್ಕೂರ್’ ಎಂದೂ ಇರುತ್ತದೆ. ಅದು ತಪ್ಪಲ್ಲ, ತಿದ್ದಿಸಲು ಹೊರಡಬೇಡಿ. ಹಳೆಯ ರೂಪ, ಈಗಿನ ರೂಪ ಎರಡನ್ನೂ ಅರ್ಜಿಯಲ್ಲಿ ಬರೆದರೆ ಸಾಕು.

8. ಅರ್ಜಿ ಒಂದೇ ಪುಟದಲ್ಲಿರಲಿ

ಕಡತ ನೋಡುವವರು ಬೇರೆ ರಾಜ್ಯದವರಾಗಿರುವುದೇ ಹೆಚ್ಚು. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ. ನಂಬರ್, ಹುದ್ದೆ, ಹೆಸರು, ಯೂನಿಟ್, ಸೇವೆಯ ಅವಧಿ, ಬಿಟ್ಟುಹೋದ ಪದಕ, ಅರ್ಹತೆಯ ತಾರೀಖು ಮತ್ತು ಜಾಗ, ಲಗತ್ತುಗಳ ಪಟ್ಟಿ, ಇಷ್ಟಿದ್ದರೆ ಸಾಕು. ಯುದ್ಧದ ಕಷ್ಟಗಳ ದೀರ್ಘ ವಿವರಣೆ ಅಲ್ಲಿ ಬೇಡ. ಅದನ್ನು ಮೊಮ್ಮಕ್ಕಳಿಗಾಗಿ ಬೇರೆಯಾಗಿ ಬರೆದಿಡಿ. ಮೂಲ ದಾಖಲೆಗಳನ್ನು ಎಂದೂ ಕಳಿಸಬೇಡಿ. ದೃಢೀಕರಿಸಿದ ಪ್ರತಿಗಳನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ಅರ್ಜಿಯ ಪ್ರತಿಗೆ ಪಿನ್ ಮಾಡಿ. ಬರೆಯಲು ಕಷ್ಟವಾದರೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನೆರವು ಕೇಳಿ. ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ ನೆರವಾಗುವುದೇ ಆ ಇಲಾಖೆಯ ಕೆಲಸ.

9. ಉತ್ತರ ಬಾರದಿದ್ದರೆ ಕಾನೂನಿನ ಕೈ ಹಿಡಿಯಿರಿ

ಮೊದಲು 2005ರ ಮಾಹಿತಿ ಹಕ್ಕು ಕಾಯ್ದೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ ನಿಮ್ಮ ಶೀಟ್ ರೋಲ್‌ನ ಪದಕಗಳ ಪುಟದ ದೃಢೀಕೃತ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಅರ್ಜಿ ತಿರಸ್ಕಾರವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಡಿ ಹುಟ್ಟಿದ ಈ ಮಂಡಳಿಯಲ್ಲಿ ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರುತ್ತದೆ. ಅಂತಿಮ ಆದೇಶ ಬಂದ 6 ತಿಂಗಳೊಳಗೆ ಹೋಗಬೇಕು. ಮನವಿ ಕೊಟ್ಟು 6 ತಿಂಗಳಾದರೂ ಆದೇಶವೇ ಬಾರದಿದ್ದರೂ ಹೋಗಬಹುದು. ಸ್ಪೀಡ್ ಪೋಸ್ಟ್ ರಸೀದಿಯ ಬೆಲೆ ತಿಳಿಯುವುದು ಆಗಲೇ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರು ಗೃಹ ಸಚಿವಾಲಯದ ಅಡಿ ಬರುತ್ತಾರೆ, ಅವರಿಗೆ ಈ ನ್ಯಾಯಮಂಡಳಿ ಅನ್ವಯಿಸುವುದಿಲ್ಲ.

10. ಹಣದ ಆಸೆ ತೋರಿಸುವವರಿಂದ ದೂರವಿರಿ

ಸೇವಾ ಪದಕಗಳಿಗೆ ಹಣವಿಲ್ಲ. ಮಾಸಿಕ ಭತ್ಯೆ ಇರುವುದು ಶೌರ್ಯ ಪದಕಗಳಿಗೆ. ‘ಸಂಗ್ರಾಮ್ ಮೆಡಲ್ ಮಾಡಿಸಿಕೊಟ್ಟರೆ ಲಕ್ಷಗಟ್ಟಲೆ ಬಾಕಿ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಅವರ ಕೈಗೆ ಡಿಸ್ಚಾರ್ಜ್ ಬುಕ್ ಕೊಡಬೇಡಿ, ಒಟಿಪಿಯನ್ನಂತೂ ಹೇಳಲೇಬೇಡಿ. ವೂಂಡ್ ಮೆಡಲ್ ವಿಷಯ ಸ್ವಲ್ಪ ಬೇರೆ. ಗಾಯ ಯುದ್ಧದಲ್ಲೇ ಆದದ್ದು ಎಂಬುದಕ್ಕೆ ಅದು ಬಲವಾದ ಸಾಕ್ಷ್ಯ. ಅಂಗವೈಕಲ್ಯದ ಪೆನ್ಷನ್ ಪ್ರಶ್ನೆ ಇರುವವರು ಅದನ್ನು ನಿರ್ಲಕ್ಷಿಸಬಾರದು.

11. ತೀರಿಕೊಂಡವರ ಪರವಾಗಿ ಮನೆಯವರು ಕೇಳಿ

ಸೈನಿಕ ತೀರಿಕೊಂಡಿದ್ದರೆ ಪತ್ನಿ, ಅವರೂ ಇಲ್ಲದಿದ್ದರೆ ಮಕ್ಕಳು ಅರ್ಜಿ ಹಾಕಬಹುದು. ಮರಣ ಪ್ರಮಾಣಪತ್ರ, ಸಂಬಂಧ ತೋರಿಸುವ ದಾಖಲೆ, ಪೆನ್ಷನ್ ಪಾವತಿ ಆದೇಶದ (ಪಿಪಿಒ) ಪ್ರತಿ ಜೊತೆಗಿರಲಿ. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ದೃಢೀಕರಿಸಿ. ಪೆನ್ಷನ್ ಇಲ್ಲದೆ ಸೇವೆ ಬಿಟ್ಟವರ ಕಡತಗಳನ್ನು 25 ವರ್ಷದ ನಂತರ ನಾಶಪಡಿಸುವ ನಿಯಮವಿದೆ. ‘ಕಡತ ಸಿಗುತ್ತಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೆ ಕೈಬಿಡಬೇಡಿ. ಶಾಶ್ವತವಾಗಿ ಉಳಿಸುವ ನೋಂದಣಿ ಪುಸ್ತಕವಾದ ಲಾಂಗ್ ರೋಲ್‌ನ ಪ್ರತಿ ಕೇಳಿ.

1971ರಲ್ಲಿ 20ರ ಹರೆಯದಲ್ಲಿದ್ದ ಯೋಧರು ಈಗ 70 ದಾಟಿದ್ದಾರೆ. ಅವರ ಪರ ಸಾಕ್ಷಿ ಹೇಳಬಲ್ಲ ಗೆಳೆಯರಿಗೂ ಅಷ್ಟೇ ವಯಸ್ಸು. ಚೇಳೂರು, ನಿಟ್ಟೂರು, ಕಡಬ, ಹಾಗಲವಾಡಿಯ ಓದಿದ ಮಕ್ಕಳಲ್ಲಿ ಒಂದು ಮನವಿ: ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಒಬ್ಬ ಮಾಜಿ ಸೈನಿಕರಿದ್ದರೆ ಈ ಭಾನುವಾರ ಅವರ ಪಕ್ಕ ಕುಳಿತು ಆ ಮೊದಲ ಹಾಳೆ ಬರೆಯಿರಿ. ಪದಕ ಅವರ ಹಕ್ಕು. ಅವರು ಬದುಕಿರುವಾಗಲೇ ಅದನ್ನು ಅವರ ಕೈಗೆ ತಲುಪಿಸುವುದು ನಮ್ಮ ಕರ್ತವ್ಯ.